ಒಬ್ಬಳೇ ಹೆಂಡತಿ, ಇಬ್ಬರು ಗಂಡಂದಿರು? ತೈಗ್ ಅನ್ನೋ ಐರಿಷ್ ಹೆಸರಿನ ಒಂದು ಪ್ರಕರಣ

ಮೊದಲೇ ಒಂದು ಮಾತು. ಈ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಆದರೂ ಯಾರ ಗುರುತೂ ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ಮನೆಯ ಇಸವಿಗಳನ್ನು ಒಂದೆರಡು ವರ್ಷ ಆಚೀಚೆ ಮಾಡಿದ್ದೇನೆ. ಸಲಿವನ್ ಅನ್ನೋ ಮನೆತನದ ಹೆಸರನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಐರ್ಲೆಂಡಿನ ನೈರುತ್ಯ ಮೂಲೆಯ ಬೇರಾ ಪರ್ಯಾಯ ದ್ವೀಪದ ಕಡೆ ಸಲಿವನ್ ಅಂದರೆ ನಮ್ಮ ಮಂಡ್ಯದಲ್ಲಿ ಗೌಡ ಅಂದ ಹಾಗೆ. ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ.

ಹಿನ್ನೆಲೆ

ಕೆಲಸಕ್ಕೆ ಅಂತ ಕಾರ್ಕ್ ನಗರಕ್ಕೆ ಬಂದು ನನಗೆ ಒಂಬತ್ತು ವರ್ಷ ಆಯಿತು. ಆಫೀಸಿನಲ್ಲಿ ನನ್ನ ಎದುರು ಮೇಜಿನವರನ್ನು ಇಲ್ಲಿ ಡಿ ಅಂತ ಕರೆಯುತ್ತೇನೆ. ವಯಸ್ಸು ಅರವತ್ತರ ಹತ್ತಿರ. ಮಾತು ಕಡಿಮೆ, ಟೀ ಜಾಸ್ತಿ. ಹೋದ ವರ್ಷ ಅವರ ಮಗಳು ಬಸುರಿಯಾದಳು. ಗಂಡು ಮಗು ಅಂತ ಸ್ಕ್ಯಾನಿಂಗ್‌ನಲ್ಲೇ ಗೊತ್ತಾಯಿತು. (ಇಲ್ಲಿ ಹೇಳುತ್ತಾರೆ. ನಮ್ಮಲ್ಲಿ ಹೇಳಿದರೆ ಡಾಕ್ಟರಿಗೆ ಜೈಲು.) ಮಗಳು ಹೆಸರನ್ನೂ ಆಗಲೇ ಆರಿಸಿಬಿಟ್ಟಿದ್ದಳು: ತೈಗ್.

ಇಂಗ್ಲಿಷ್ ಅಕ್ಷರದಲ್ಲಿ ಈ ಹೆಸರನ್ನು ಟಿ, ಎ, ಡಿ, ಎಚ್, ಜಿ ಅಂತ ಬರೆಯುತ್ತಾರೆ. ಮೊದಲ ಸಲ ನೋಡಿದಾಗ ನಾನು 'ತಾಧ್ಗ್' ಅಂತ ಓದಿ ನಗೆಪಾಟಲಾಗಿದ್ದೆ. ಟೈಗರ್ ಅನ್ನೋದರಲ್ಲಿ ಕೊನೆಯ 'ಅರ್' ತೆಗೆದುಬಿಡು, ಅಷ್ಟೇ, ಅಂತ ಯಾರೋ ಹೇಳಿಕೊಟ್ಟರು. ಅದೂ ಪೂರ್ತಿ ಸರಿಯಲ್ಲ. ಐರಿಷ್ ಭಾಷೆ ಆಡುವವರ ಬಾಯಲ್ಲಿ ಅದು ಇಂಗ್ಲಿಷಿನ ಟ ಅಲ್ಲ, ನಾಲಗೆ ಹಲ್ಲಿಗೆ ತಾಗುವ ನಮ್ಮ ತ. ಹಾಗಾಗಿ ಈ ಹೆಸರನ್ನು ಇಂಗ್ಲಿಷಿಗಿಂತ ಕನ್ನಡದಲ್ಲೇ ನೆಟ್ಟಗೆ ಬರೆಯಬಹುದು ಅಂತ ನನಗೆ ಒಳಗೊಳಗೇ ಖುಷಿ.

ಹಳೇ ಐರಿಷ್‌ನಲ್ಲಿ ಆ ಪದಕ್ಕೆ ಕವಿ ಅಂತ ಅರ್ಥ. ಬಹಳ ಹಳೇ ಹೆಸರು. ಪುರಾಣದ ವೀರ ಫಿನ್ ಮಕೂಲ್‌ನ ತಾಯಿಯ ತಂದೆ ತೈಗ್ ಅನ್ನೋ ಡ್ರುಯಿಡ್ ಪೂಜಾರಿ. 1014ರ ಕ್ಲಾನ್‌ಟಾರ್ಫ್ ಕಾಳಗದಲ್ಲಿ ಐರ್ಲೆಂಡಿನ ಮಹಾರಾಜ ಬ್ರಿಯನ್ ಬೋರುವಿನ ಪರ ಹೋರಾಡಿ ಸತ್ತ ರಾಜರಲ್ಲಿ ತೈಗ್ ಓ ಕೆಲಿ ಒಬ್ಬ. ಬ್ರಿಯನ್ ಬೋರುವಿನ ಮಗನೊಬ್ಬನ ಹೆಸರೂ ತೈಗ್, ಅವನು 1023ರಲ್ಲಿ ಕೊಲೆಯಾದ. 16ನೇ ಶತಮಾನದಲ್ಲಿ ತೈಗ್ ದಲ್ ಓ ಹಿಗಿನ್ ಅಂತ ದೊಡ್ಡ ಕವಿ ಇದ್ದ. 'ದಲ್' ಅಂದರೆ ಕುರುಡ. ಕವಿ ಅನ್ನೋ ಹೆಸರಿನ ಕುರುಡ ಕವಿ.

ಇಷ್ಟು ಹಳೇ ಹೆಸರು, ಇಷ್ಟು ಒಳ್ಳೇ ಅರ್ಥ. ಇಟ್ಟರೆ ಆಯಿತು, ಅಲ್ವಾ? ಆಗಲಿಲ್ಲ.

ತಕರಾರು ಎರಡು ಕಡೆಯಿಂದ ಬಂತು. ಒಂದು ಡಿ ಅವರ ತಂದೆಯದ್ದು. ಅವರಿಗೆ 88 ವರ್ಷ, ಬೇರಾದ ಹಳೇ ಮನೆಯಲ್ಲೇ ಇದ್ದಾರೆ. ಮೊಮ್ಮಗಳು ಫೋನ್ ಮಾಡಿ, ನಮ್ಮ ಹಿರಿಯರ ಹೆಸರೇ ಇಡುತ್ತಿದ್ದೇನೆ ತಾತಾ ಅಂದಾಗ ಮುದುಕರು ಒಪ್ಪಲಿಲ್ಲ. "ನಮ್ಮ ಮನೆಯಲ್ಲಿ ತೈಗ್ ಯಾರೂ ಇರಲಿಲ್ಲ. ನನ್ನ ಅಜ್ಜ ಟಿಮ್, ಅವನ ಅಪ್ಪನೂ ಟಿಮ್. ನಿನಗೆ ಇಷ್ಟ ಅಂತ ಇಡು, ಹಿರಿಯರ ಹೆಸರು ಅಂತ ಸುಳ್ಳು ಹೇಳಬೇಡ."

ಇನ್ನೊಂದು ತಕರಾರು ಅಳಿಯನ ತಾಯಿಯದ್ದು. ಅವರು ಬೆಲ್‌ಫಾಸ್ಟ್‌ನ ಕ್ಯಾಥೊಲಿಕ್ ಹೆಂಗಸು. ಆ ಕಡೆ ಈ ಹೆಸರೇ ಬೈಗುಳ. 17ನೇ ಶತಮಾನದಿಂದಲೇ ಇಂಗ್ಲಿಷಿನವರು ಪ್ರತಿ ಐರಿಷ್‌ನವನನ್ನೂ 'ಟೀಗ್' ಅಂತ ಗೇಲಿ ಮಾಡುತ್ತಿದ್ದರು. ನಾವು ಯಾರೋ ಹಳ್ಳಿಯವನು ಅನ್ನೋದಕ್ಕೆ ತಿಮ್ಮ, ಬೋರ ಅಂತ ಹೇಳುವುದಿಲ್ಲವಾ, ಹಾಗೆ. ಉತ್ತರ ಐರ್ಲೆಂಡಿನಲ್ಲಿ ಅದೇ ಮಾತು 'ಟೇಗ್' ಆಗಿ, ಕ್ಯಾಥೊಲಿಕರನ್ನು ಹೀಯಾಳಿಸುವ ಪದವಾಯಿತು. ಅಲ್ಲಿ ಪ್ರಾಟೆಸ್ಟೆಂಟರಿಗೂ ಕ್ಯಾಥೊಲಿಕರಿಗೂ ಹೊಡೆದಾಟ ನಡೆದ ಗಲಾಟೆಯ ವರ್ಷಗಳಲ್ಲಿ ಅವರನ್ನೆಲ್ಲ ಕೊಲ್ಲಿ ಅಂತ ಆ ಪದ ಹಾಕಿ ಗೋಡೆಗಳ ಮೇಲೆ ಬರೆಯುತ್ತಿದ್ದರು. ಆಕೆ ಅದನ್ನು ನೋಡಿಕೊಂಡು ಶಾಲೆಗೆ ಹೋದವರು. ಮೊಮ್ಮಗನಿಗೆ ಅದೇ ಹೆಸರು ಅಂದರೆ ಹೊಟ್ಟೆಯಲ್ಲಿ ಕಿವುಚಿದಂತಾಗುವುದು ಸಹಜ.

ಎರಡನೇ ತಕರಾರಿಗೆ ಯಾವ ದಾಖಲೆಯಲ್ಲೂ ಉತ್ತರ ಇರಲಿಲ್ಲ. ಮೊದಲನೆಯದಕ್ಕೆ ಇತ್ತು. ಅಥವಾ ಇದೆ ಅಂತ ಡಿ ಅಂದುಕೊಂಡಿದ್ದರು, ಅದೂ ತಂದೆಯ ಪರವಾಗಿಯೇ.

ಎಲ್ಲಿ ಗಂಟು ಬಿದ್ದಿತ್ತು

ಡಿ ಹತ್ತು ವರ್ಷದ ಹಿಂದೆಯೇ ಇಂಟರ್‌ನೆಟ್‌ನಲ್ಲಿ ವಂಶವೃಕ್ಷ ಮಾಡಿಟ್ಟಿದ್ದರು. ಐರ್ಲೆಂಡಿನಲ್ಲಿ ಇದು ಸುಲಭದ ಕೆಲಸವಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲೇ, ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ಸರ್ಕಾರಿ ದಾಖಲೆಗಳ ಭವನ ಸುಟ್ಟು ಬೂದಿಯಾಯಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಅದರಲ್ಲೇ ಹೋಯಿತು. ಮುಂದಿನ ನಾಲ್ಕು ಗಣತಿಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು. ಉಳಿದದ್ದರಲ್ಲಿ ಪೂರ್ತಿ ಸಿಗುವುದು 1901 ಮತ್ತು 1911ರದ್ದು. ಹುಟ್ಟು ಸಾವಿನ ಸರ್ಕಾರಿ ನೋಂದಣಿ ಎಲ್ಲರಿಗೂ ಶುರುವಾಗಿದ್ದು 1864ರಲ್ಲಿ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ. ಜೊತೆಗೆ ಗ್ರಿಫಿತ್ಸ್ ವ್ಯಾಲ್ಯುಯೇಷನ್ ಅನ್ನೋ ಜಮೀನಿನ ಪಟ್ಟಿ. 1847ರಿಂದ 1864ರವರೆಗೆ ದೇಶದ ಪ್ರತಿ ತುಂಡು ನೆಲ ಯಾರ ಕೈಯಲ್ಲಿದೆ ಅಂತ ಬರೆದು ಅಚ್ಚು ಹಾಕಿದ್ದು.

ಚರ್ಚಿನ ಪುಸ್ತಕದಲ್ಲಿ ಡಿ ಅವರಿಗೆ ಸಿಕ್ಕಿದ್ದು ಇದು. 1850, 1853, 1856ರಲ್ಲಿ ಹುಟ್ಟಿದ ಮೂರು ಮಕ್ಕಳಿಗೆ ತಂದೆ ಥಾಡಿಯಸ್ ಸಲಿವನ್, ತಾಯಿ ಹೊನೋರಾ ಹ್ಯಾರಿಂಗ್ಟನ್. ಅದೇ ಊರಲ್ಲಿ 1859 ಮತ್ತು 1862ರಲ್ಲಿ ಇನ್ನೆರಡು ಮಕ್ಕಳು. ತಾಯಿ ಅದೇ ಹೊನೋರಾ ಹ್ಯಾರಿಂಗ್ಟನ್. ತಂದೆ ಮಾತ್ರ ತಿಮೋತಿ ಸಲಿವನ್.

1862ರ ಮಗುವೇ ಡಿ ಅವರ ಮುತ್ತಾತ ಟಿಮ್.

ಡಿ ಮಾಡಿದ ಲೆಕ್ಕ ಸರಳ. ಥಾಡಿಯಸ್ 1856ರ ಆಮೇಲೆ ತೀರಿಕೊಂಡ. ಹೊನೋರಾ ಮೂರು ಮಕ್ಕಳನ್ನು ಕಟ್ಟಿಕೊಂಡು ಅವನ ತಮ್ಮ ತಿಮೋತಿಯನ್ನು ಮದುವೆಯಾದಳು. ಮಹಾಕ್ಷಾಮ ಮುಗಿದ ಹೊಸತು, ಲಕ್ಷಗಟ್ಟಲೆ ಜನ ಸತ್ತ, ದೇಶ ಬಿಟ್ಟ ಕಾಲ, ಏನು ಬೇಕಾದರೂ ಆಗಿರಬಹುದು. ವೃಕ್ಷದಲ್ಲಿ ಥಾಡಿಯಸ್‌ನ ಹೆಸರಿನ ಮುಂದೆ 'ಸಾವು: ಸುಮಾರು 1857' ಅಂತ ಹಾಕಿದರು. 1853ರ ಮಗ ಬೇರಾದ ತಾಮ್ರದ ಗಣಿಯವರ ಹಾದಿ ಹಿಡಿದು ಅಮೆರಿಕದ ಮೊಂಟಾನಾದ ಬ್ಯೂಟ್ ಊರಿಗೆ ಹೋದವನು. ಬೇರಾದ ಅಲಿಹೀಸ್ ಗಣಿ ಸೊರಗಿದಾಗ ಅಲ್ಲಿಂದ ಸಲಿವನ್‌ಗಳು, ಹ್ಯಾರಿಂಗ್ಟನ್‌ಗಳು ಗುಂಪುಗುಂಪಾಗಿ ಬ್ಯೂಟ್ ಸೇರಿದ್ದರು. ಅವನ ಕಡೆಯ ಅಮೆರಿಕದ ನೆಂಟರು ಡಿ ಅವರ ವೃಕ್ಷವನ್ನು ಕಾಪಿ ಮಾಡಿಕೊಂಡರು. ಕಾಪಿ ಮಾಡುವಾಗ 'ಸುಮಾರು' ಉದುರಿಹೋಯಿತು. 1857 ಉಳಿಯಿತು. ಎರಡು ವರ್ಷದಲ್ಲಿ ಇನ್ನೂ ಐದಾರು ವೃಕ್ಷಗಳಲ್ಲಿ ಅದೇ ಇಸವಿ ಕಾಣಿಸಿಕೊಂಡಿತು. ಆಮೇಲೆ ಅದನ್ನೇ ನೋಡಿ ಡಿ, "ನೋಡು, ಬೇರೆಯವರಿಗೂ 1857 ಅಂತಲೇ ಸಿಕ್ಕಿದೆ" ಅಂತ ಸಮಾಧಾನಪಟ್ಟುಕೊಂಡರು. ತಾವೇ ಬಿತ್ತಿದ ಬೀಜ ಅನ್ನೋದು ಅವರಿಗೇ ಮರೆತುಹೋಗಿತ್ತು.

ಹಾಗಾಗಿ ಮಗಳಿಗೆ ಡಿ ಹೇಳಿದ್ದು: ಥಾಡಿಯಸ್ ಅಂದರೆ ತೈಗ್ ಇರಬಹುದು, ಆದರೆ ನಾವು ಅವನ ಸಂತಾನವಲ್ಲ. ನಾವು ಎರಡನೇ ಗಂಡನ ಕಡೆಯವರು.

ಏನೇನು ಮಾಡಿ ನೋಡಿದರು

ನಾನು ಇದರೊಳಗೆ ಬರುವ ಮುಂಚೆ ಡಿ ಮೂರು ದಾರಿ ಹಿಡಿದು ನೋಡಿದ್ದರು.

ಎರಡನೇ ಮದುವೆ ಹುಡುಕಿದರು. ಸಿಗಲಿಲ್ಲ. ಬೇರಾದ ಈ ಭಾಗ ಕಾರ್ಕ್ ಜಿಲ್ಲೆಗೆ ಸೇರಿದ್ದರೂ ಚರ್ಚಿನ ಲೆಕ್ಕದಲ್ಲಿ ಕೆರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅದು ಗೊತ್ತಿಲ್ಲದೆ ಮೊದಲ ಆರು ತಿಂಗಳು ತಪ್ಪು ಪುಸ್ತಕ ನೋಡಿದ್ದರಂತೆ. ಸರಿಯಾದ ಪುಸ್ತಕ ನೋಡಿದಾಗ 1849ರಲ್ಲಿ ಥಾಡಿಯಸ್ ಮತ್ತು ಹೊನೋರಾ ಮದುವೆ ಸಿಕ್ಕಿತು. ಎರಡನೆಯದು ಇಲ್ಲ. ಪಾದ್ರಿ ಬರೆಯಲು ಮರೆತಿರಬೇಕು ಅಂತ ಅಂದುಕೊಂಡರು.

ಸಾವು ಹುಡುಕಿದರು. 1864ಕ್ಕೆ ಮುಂಚಿನ ಸಾವು ಸರ್ಕಾರಿ ಪುಸ್ತಕದಲ್ಲಿ ಇರುವುದಿಲ್ಲ, ಕ್ಯಾಥೊಲಿಕ್ ಚರ್ಚುಗಳು ಹೆಣ ಹೂಳಿದ ಲೆಕ್ಕ ಇಟ್ಟಿದ್ದು ಅಪರೂಪ. ಸಿಗಲಿಲ್ಲ. ಸಿಗದೇ ಇದ್ದದ್ದು ಅವರ ಊಹೆಗೆ ಅಡ್ಡಿಯಾಗಲಿಲ್ಲ, ಯಾಕೆಂದರೆ ಸಿಗುವ ನಿರೀಕ್ಷೆಯೇ ಇರಲಿಲ್ಲ. ಇಂಥ ಹುಡುಕಾಟದಲ್ಲಿ ನನಗೆ ಅತಿ ಅಪಾಯ ಅನಿಸುವುದು ಈ ಜಾಗವೇ: ಪುರಾವೆ ಇದ್ದರೂ ಸೈ, ಇಲ್ಲದಿದ್ದರೂ ಸೈ ಅನ್ನೋ ಊಹೆ ಯಾವತ್ತೂ ಸಾಯುವುದಿಲ್ಲ.

ಕೊನೆಗೆ ಡಿಎನ್ಎ. ಡಿ ಮತ್ತು ಅಮೆರಿಕದ ಒಬ್ಬ ನೆಂಟರು ಇಬ್ಬರೂ ಎಂಜಲು ತೆಗೆದು ಕಳಿಸಿದರು. ಸಂಬಂಧ ಇದೆ ಅಂತ ಬಂತು. ಆದರೆ ಒಂದೇ ಅಪ್ಪನ ಮಕ್ಕಳ ಕಡೆಯವರೋ, ಅಣ್ಣತಮ್ಮ ಇಬ್ಬರ ಮಕ್ಕಳ ಕಡೆಯವರೋ ಅನ್ನೋದು ನಾಲ್ಕು ತಲೆಮಾರು ದಾಟಿದ ಮೇಲೆ ಬಿಡಿಸಿ ಹೇಳುವಷ್ಟು ಸ್ಪಷ್ಟ ಇರುವುದಿಲ್ಲ. ಅದರಲ್ಲೂ ಬೇರಾದಂಥ ಜಾಗದಲ್ಲಿ ಎಲ್ಲರೂ ಎಲ್ಲರಿಗೂ ಎರಡು ಮೂರು ಕಡೆಯಿಂದ ನೆಂಟರು. ದುಡ್ಡು ಹೋಯಿತು, ಉತ್ತರ ಬರಲಿಲ್ಲ.

ಸರ್ವೆ ನಂಬರ್ ಬುದ್ಧಿ

ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಡಿ ಇದನ್ನೆಲ್ಲ ಹೇಳಿಕೊಂಡರು. ನಮ್ಮ ತಾತ ಶಾನುಭೋಗರಾಗಿದ್ದವರು. ಊರಿನ ಜಗಳ ಬಂದಾಗಲೆಲ್ಲ ಅವರದ್ದು ಒಂದೇ ಮಾತು: ಹೆಸರು ಬಿಡು, ಸರ್ವೆ ನಂಬರ್ ಹೇಳು. ಹೆಸರು ಬರೆಯುವವನ ಕೈಯಲ್ಲಿರುತ್ತದೆ, ನೆಲ ಇದ್ದಲ್ಲೇ ಇರುತ್ತದೆ. ನಾನೂ ಸುಮ್ನೆ ಕೇಳಿದೆ, ಆ ಜಮೀನು ಯಾವಾಗ ಯಾರ ಹೆಸರಿಂದ ಯಾರ ಹೆಸರಿಗೆ ಆಯಿತು ಅಂತ ನೋಡಿದ್ದೀರಾ?

ನೋಡಿರಲಿಲ್ಲ.

ಗ್ರಿಫಿತ್ಸ್ ಪಟ್ಟಿ ಅಚ್ಚಾದ ಮೇಲೆ ಅದನ್ನು ತಿದ್ದುತ್ತಾ ಬಂದ ಪುಸ್ತಕಗಳಿವೆ. ನಮ್ಮ ಮ್ಯುಟೇಷನ್ ರಿಜಿಸ್ಟರ್ ಇದ್ದ ಹಾಗೆ. ಜಮೀನು ಕೈ ಬದಲಿಸಿದಾಗ ಹಳೇ ಹೆಸರಿಗೆ ಗೀಟು ಎಳೆದು, ಮೇಲೆ ಹೊಸ ಹೆಸರು ಬರೆದು, ಪಕ್ಕದಲ್ಲಿ ಇಸವಿ ಹಾಕುತ್ತಿದ್ದರು. ಬೇರೆ ಬೇರೆ ವರ್ಷದ ತಿದ್ದುಪಡಿಗೆ ಬೇರೆ ಬೇರೆ ಬಣ್ಣದ ಶಾಯಿ. ಡಬ್ಲಿನ್‌ಗೆ ಹೋಗಿ ನೋಡಬೇಕು. ಒಂದು ದಿನ ರಜೆ ಹಾಕಿ ಇಬ್ಬರೂ ರೈಲು ಹತ್ತಿದೆವು.

ಆ ಊರಿನ 7ನೇ ನಂಬರ್ ಜಮೀನಿನ ಎದುರು 'ಥೇಡ್ ಸಲಿವನ್' ಅಂತಿತ್ತು. ಥೇಡ್, ಥೇಡಿ ಎರಡೂ ತೈಗ್‌ನ ಇಂಗ್ಲಿಷ್ ವೇಷಗಳೇ. 1857ರ ಹತ್ತಿರ ಗೀಟು ಇಲ್ಲ. 1860ರ ದಶಕದಲ್ಲಿ ಇಲ್ಲ. 1870ರಲ್ಲೂ ಇಲ್ಲ. 1890ರಲ್ಲಿ ಕೆಂಪು ಶಾಯಿಯಲ್ಲಿ ಥೇಡ್ ಮೇಲೆ ಗೀಟು ಎಳೆದು 'ತಿಮೋತಿ' ಅಂತ ಬರೆದಿತ್ತು. ಅಂದರೆ 1862ರ ಮಗ. ಸರ್ಕಾರಿ ಸಾವಿನ ಪುಸ್ತಕದಲ್ಲಿ 1889ರಲ್ಲಿ ಅದೇ ಊರಲ್ಲಿ ಒಬ್ಬ ರೈತ ತೀರಿಕೊಂಡಿದ್ದ. ಅಲ್ಲಿ ಅವನ ಹೆಸರು ತಿಮೋತಿ ಸಲಿವನ್. ಇದನ್ನು ಡಿ ಮುಂಚೆಯೇ 'ಎರಡನೇ ಗಂಡನ ಸಾವು' ಅಂತ ಬರೆದಿಟ್ಟುಕೊಂಡಿದ್ದರು.

ನನಗೆ ಅಲ್ಲೇ ಕುಣಿಯಬೇಕು ಅನಿಸಿತು. ಡಿ ಕನ್ನಡಕ ಒರೆಸುತ್ತಾ, "ಅಣ್ಣ ಸತ್ತ ಮೇಲೂ ಖಾತೆ ಅವನ ಹೆಸರಲ್ಲೇ ಬಿಟ್ಟಿರಬಹುದಲ್ಲ?" ಅಂದರು. ಬಾಯಿ ಮುಚ್ಚಿಕೊಂಡೆ. ನಮ್ಮೂರಲ್ಲೇ ಮೂವತ್ತು ವರ್ಷದ ಹಿಂದೆ ತೀರಿಕೊಂಡವರ ಹೆಸರಲ್ಲಿ ಪಹಣಿ ಬರುತ್ತಿದೆ. ಅವರ ಅನುಮಾನ ನ್ಯಾಯವಾಗಿತ್ತು. ನೆಲದ ಪುಸ್ತಕ ಒಂದು ಸುಳಿವು ಕೊಟ್ಟಿತು, ತೀರ್ಪು ಕೊಡಲಿಲ್ಲ.

ಕೈಬರಹ

ತಿರುವು ಬಂದದ್ದು ಒಂದು ಸಣ್ಣ ನಿರ್ಧಾರದಿಂದ. ಅಲ್ಲಿಯವರೆಗೆ ಡಿ ನೋಡುತ್ತಿದ್ದದ್ದು ಸೂಚಿಯನ್ನು. ಯಾರೋ ಹಳೇ ಪುಸ್ತಕ ಓದಿ ಟೈಪ್ ಮಾಡಿಟ್ಟ ಪಟ್ಟಿ ಅದು. ಹೆಸರು ಕೊಟ್ಟರೆ ಸಾಲು ಬರುತ್ತದೆ. ಆದರೆ ಮೂಲ ಪುಟಗಳ ಚಿತ್ರಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲೇ ಇಂಟರ್‌ನೆಟ್‌ಗೆ ಹಾಕಿದೆ, ಪುಕ್ಕಟೆ. ಹೆಸರು ಕೊಟ್ಟು ಹುಡುಕಲು ಆಗುವುದಿಲ್ಲ ಅನ್ನೋ ಕಾರಣಕ್ಕೆ ಅವರು ಅತ್ತ ಹೋಗಿರಲಿಲ್ಲ. ಈ ಸಲ ಸೂಚಿ ಮುಚ್ಚಿಟ್ಟು 1855ರಿಂದ 1860ರವರೆಗೆ ಪ್ರತಿ ಪುಟವನ್ನೂ ಕಣ್ಣಲ್ಲೇ ನೋಡೋಣ ಅಂತ ಕೂತೆವು. ನಾಲ್ಕು ಸಂಜೆ ಹಿಡಿಯಿತು. ಮೈಕ್ರೋಫಿಲ್ಮ್‌ನಿಂದ ತೆಗೆದ ಚಿತ್ರ, ಅಲ್ಲಲ್ಲಿ ಮಸಿ ಹರಡಿ ಸಾಲಿಗೆ ಸಾಲೇ ಕಪ್ಪು.

1858ರ ಒಂದು ಪುಟದ ಮಧ್ಯದಲ್ಲಿ ಕೈಬರಹ ಬದಲಾಗುತ್ತದೆ. ಮೇಲಿನ ಅರ್ಧ ಸಣ್ಣಗೆ, ಬಲಕ್ಕೆ ವಾಲಿದ ಅಕ್ಷರ, ಪೂರ್ತಿ ಲ್ಯಾಟಿನ್. ಕೆಳಗಿನ ಅರ್ಧ ದಪ್ಪ, ದುಂಡು ಅಕ್ಷರ, ಇಂಗ್ಲಿಷ್. ಹಳೇ ಪಾದ್ರಿ ಹೋಗಿ ಹೊಸಬರು ಬಂದಿದ್ದಾರೆ.

ಆಗ ಡಿ ಒಳ್ಳೇ ಪ್ರಶ್ನೆ ಕೇಳಿದರು. ನಮ್ಮ ಮನೆಯ ಥಾಡಿಯಸ್ ಬಿಡು, ಊರಿನ ಬೇರೆ ಥಾಡಿಯಸ್‌ಗಳು ಏನಾದರು? ಕಾಗದ ತೆಗೆದುಕೊಂಡು ಗೀಟು ಹಾಕುತ್ತಾ ಹೋದೆವು. ಕೈಬರಹ ಬದಲಾದ ಗೆರೆಯಿಂದ ಮೇಲೆ ಥಾಡಿಯಸ್ ಅನ್ನೋ ಅಪ್ಪಂದಿರು ಪುಟಕ್ಕೊಬ್ಬರು ಸಿಗುತ್ತಾರೆ, ತಿಮೋತಿ ಒಬ್ಬನೂ ಇಲ್ಲ. ಗೆರೆಯಿಂದ ಕೆಳಗೆ ತಿಮೋತಿಗಳೋ ತಿಮೋತಿಗಳು, ಥಾಡಿಯಸ್ ಒಬ್ಬನೂ ಇಲ್ಲ. ಒಂದೇ ವಾರದಲ್ಲಿ ಇಡೀ ಊರಿನ ಥಾಡಿಯಸ್‌ಗಳೆಲ್ಲ ಸತ್ತು, ಅವರ ಹೆಂಡತಿಯರೆಲ್ಲ ತಿಮೋತಿಗಳನ್ನು ಮದುವೆಯಾದರೇ? ಡಿ ನಕ್ಕರು. ಅವರು ಅಷ್ಟು ಜೋರಾಗಿ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಸತ್ತವರು ಯಾರೂ ಇಲ್ಲ. ಹೊನೋರಾಗೆ ಒಬ್ಬನೇ ಗಂಡ. ಅವನು ಇಬ್ಬರು ಪಾದ್ರಿಗಳ ಮುಂದೆಯೂ ನಿಂತು ಒಂದೇ ಹೆಸರು ಹೇಳಿರಬೇಕು: ತೈಗ್. ಒಬ್ಬರು ಅದನ್ನು ಥಾಡಿಯಸ್ ಮಾಡಿದರು, ಇನ್ನೊಬ್ಬರು ತಿಮೋತಿ ಮಾಡಿದರು, ಜಮೀನಿನ ಗುಮಾಸ್ತ ಥೇಡ್ ಮಾಡಿದ.

ಯಾಕೆ ಹೀಗೆ ಬದಲಿಸಿದರು ಅನ್ನೋದಕ್ಕೆ ಸ್ವಲ್ಪ ನಿಲ್ಲಬೇಕು. ತೈಗ್‌ಗೂ ತಿಮೋತಿಗೂ ಸಂಬಂಧವೇ ಇಲ್ಲ. ತಿಮೋತಿ ಗ್ರೀಕ್ ಹೆಸರು, ದೇವರನ್ನು ಗೌರವಿಸುವವನು ಅಂತ ಅರ್ಥ. ಥಾಡಿಯಸ್ ಯೇಸುವಿನ ಶಿಷ್ಯರಲ್ಲಿ ಒಬ್ಬನ ಹೆಸರು. ಎರಡಕ್ಕೂ ಮೊದಲ ಅಕ್ಷರ ಹೊಂದುತ್ತದೆ, ಎರಡೂ ಬೈಬಲ್‌ನಲ್ಲಿವೆ, ಅಷ್ಟೇ. ಚರ್ಚಿಗೆ ಸಂತರ ಹೆಸರು ಬೇಕಿತ್ತು, ಸರ್ಕಾರಕ್ಕೆ ಇಂಗ್ಲಿಷ್ ಹೆಸರು ಬೇಕಿತ್ತು. ಇದು ತೈಗ್ ಒಬ್ಬನ ಪಾಡಲ್ಲ. ಡರ್ಮಿಡ್ ಅನ್ನೋವನು ಜೆರೆಮೈಯ ಆದ, ಕೊನಹೂರ್ ಕಾರ್ನೀಲಿಯಸ್ ಆದ, ಫಿನೀನ್ ಅನ್ನೋ ಗಂಡಸು ಫ್ಲಾರೆನ್ಸ್ ಆದ. ಹೌದು, ಫ್ಲಾರೆನ್ಸ್ ಅನ್ನೋ ಹೆಸರಿನ ಮೀಸೆ ಮಾವಂದಿರು ಕಾರ್ಕ್ ಮತ್ತು ಕೆರಿ ಕಡೆಯ ದಾಖಲೆಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಇದಕ್ಕೆ ಹಿಂದೆ ಕಾನೂನಿನ ಒತ್ತಡವೂ ಇತ್ತು. 1465ರಲ್ಲಿ ಡಬ್ಲಿನ್ ಸುತ್ತಲಿನ ಐರಿಷರು ಊರು, ಬಣ್ಣ ಇಲ್ಲವೇ ಕಸುಬಿನ ಇಂಗ್ಲಿಷ್ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ ಕಾಯ್ದೆಯೇ ಬಂದಿತ್ತು.

ಮಜಾ ಅಂದರೆ, ಚರ್ಚಿನೊಳಗಿನ ದೊಡ್ಡವರಿಗೂ ಇದು ತಪ್ಪಲಿಲ್ಲ. 1632ರಿಂದ 1636ರವರೆಗೆ ಕೂತು ಐರ್ಲೆಂಡಿನ ವರ್ಷವಾರು ಚರಿತ್ರೆ ಬರೆದ ತಂಡದ ಮುಖಂಡ ಮೀಹಾಲ್ ಓ ಕ್ಲೇರಿ. ಅವರ ಹುಟ್ಟು ಹೆಸರು ತೈಗ್. ಫ್ರಾನ್ಸಿಸ್ಕನ್ ಸಂನ್ಯಾಸಿಯಾದ ಮೇಲೆ ಮೀಹಾಲ್ ಆದರು.

ನನಗೆ ಇದು ತೀರಾ ದೂರದ ಕಥೆ ಅನಿಸಲಿಲ್ಲ. ನಮ್ಮಲ್ಲಿ ಇನಿಶಿಯಲ್ ಇಟ್ಟುಕೊಂಡು ಬೆಳೆದವರು ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ನನ್ನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿದೆ. ಇಲ್ಲಿ ಕ್ಲಿನಿಕ್‌ನಲ್ಲಿ ಕೂತರೆ ನಮ್ಮೂರನ್ನು ಕೂಗುತ್ತಾರೆ, ನಾನು ಎದ್ದು ಹೋಗುತ್ತೇನೆ. ಇನ್ನು ನೂರೈವತ್ತು ವರ್ಷ ಬಿಟ್ಟು ಯಾರಾದರೂ ನನ್ನನ್ನು ಹುಡುಕಿದರೆ ದೇವರೇ ಗತಿ.

ಹೊಲದ ಹೆಸರು

ಕಾಗದದ ಲೆಕ್ಕ ಮುಗಿದಿತ್ತು. ಆದರೆ ಮುದುಕರಿಗೆ ಹೇಳಬೇಕಲ್ಲ. ಒಂದು ಭಾನುವಾರ ಡಿ ನನ್ನನ್ನೂ ಕರೆದುಕೊಂಡು ಹೊರಟರು. ಬ್ಯಾಂಟ್ರಿ, ಗ್ಲೆಂಗ್ಯಾರಿಫ್ ದಾಟಿ ಬೇರಾದ ಕಡೆ ತಿರುಗಿದರೆ ಒಂದು ಪಕ್ಕ ಬೋಳು ಬಂಡೆ ಬೆಟ್ಟ, ಇನ್ನೊಂದು ಪಕ್ಕ ಕಡಲು, ಮಧ್ಯೆ ಕಲ್ಲು ಗೋಡೆ ಕಟ್ಟಿದ ಅಂಗೈಯಗಲದ ಹೊಲಗಳು.

ತಂದೆ ನಮ್ಮ ಮಾತೆಲ್ಲ ಕೇಳಿದರು. ಪುಟಗಳ ಪ್ರಿಂಟ್ ನೋಡಿದರು. "ಪಾದ್ರಿಗಳು ಏನು ಬೇಕಾದರೂ ಬರೆಯುತ್ತಾರೆ. ನಾನು ಕೇಳಿದ್ದು ಟಿಮ್ ಅಂತ," ಅಂದು ಪ್ರಿಂಟ್ ವಾಪಸ್ ಕೊಟ್ಟರು. ಅಲ್ಲಿಗೆ ಮಾತು ಮುಗಿಯಿತು. ಊಟ ಆದ ಮೇಲೆ ಹಸು ನೋಡಿಕೊಂಡು ಬರೋಣ ಅಂತ ಎದ್ದರು. ನಡೆಯುತ್ತಾ ಒಂದೊಂದು ಹೊಲದ ಹೆಸರು ಹೇಳುತ್ತಾ ಬಂದರು. ಅಲ್ಲಿ ಪ್ರತಿ ತುಂಡಿಗೂ ಹೆಸರಿದೆ, ನಮ್ಮಲ್ಲಿ ಹುಣಸೇಮರದ ಹೊಲ, ಬಾವಿ ಹೊಲ ಅಂತ ಇರುವ ಹಾಗೆ. ಮನೆಯ ಹಿಂದಿನ ಸಣ್ಣ ತುಂಡಿಗೆ ಬಂದಾಗ, "ಇದು ಗರಿ ಹೈಗ್," ಅಂದರು.

ಹಾಗಂದರೆ ಏನು ಅಂತ ಕೇಳಿದೆ. ಗರಿ ಅಂದರೆ ತೋಟ. ಹೈಗ್ ಅಂದರೆ ಏನೋ ಗೊತ್ತಿಲ್ಲ, ಅಪ್ಪ ಹಾಗೇ ಹೇಳುತ್ತಿದ್ದ, ಅಂದರು.

ನಾನು ಎರಡು ಚಳಿಗಾಲ ಸಂಜೆ ಹೊತ್ತು ಐರಿಷ್ ಕಲಿಯಲು ಹೋಗಿದ್ದೆ. ಮಾತು ಬರಲಿಲ್ಲ, ಒಂದು ಸಂಗತಿ ಮಾತ್ರ ತಲೆಯಲ್ಲಿ ಉಳಿದಿತ್ತು. ಐರಿಷ್‌ನಲ್ಲಿ 'ಇಂಥವನ' ಅಂತ ಹೇಳುವಾಗ, ಇಲ್ಲವೇ ಯಾರನ್ನಾದರೂ ಕೂಗುವಾಗ, ಹೆಸರಿನ ಮೊದಲ ಅಕ್ಷರ ಮೆತ್ತಗಾಗುತ್ತದೆ. ತ ಇದ್ದದ್ದು ಹ ಆಗುತ್ತದೆ. ಹಳಗನ್ನಡದ ಪಾಲು ಹಾಲಾದ ಹಾಗೆ ಅಂತ ನಾನು ನೆನಪಿಟ್ಟುಕೊಂಡಿದ್ದೆ. ಇಲ್ಲಿ ಅದು ನೂರಾರು ವರ್ಷದ ಬದಲಾವಣೆಯಲ್ಲ, ವಾಕ್ಯದಿಂದ ವಾಕ್ಯಕ್ಕೆ ಆಗುವಂಥದ್ದು. ತೈಗ್ ಬಂದ. ತೈಗ್ ಹೋದ. ಆದರೆ ತೈಗ್‌ನ ತೋಟ ಅನ್ನಬೇಕಾದರೆ, ಗರಿ ಹೈಗ್.

ಹೇಳಿದೆ. ಮುದುಕರು ಗೋಡೆಯ ಮೇಲೆ ಕೈಯಿಟ್ಟು ನಿಂತರು. ಅವರ ಅಜ್ಜನ ಕಾಲಕ್ಕೇ ಮನೆಯಲ್ಲಿ ಇಂಗ್ಲಿಷ್ ಆಗಿತ್ತು, ಐರಿಷ್‌ನಲ್ಲಿ ಉಳಿದದ್ದು ಹೊಲದ ಹೆಸರು, ಹಸುವನ್ನು ಕರೆಯುವ ಮಾತು, ಒಂದೆರಡು ಬೈಗುಳ. ಎಂಬತ್ತು ವರ್ಷ ದಿನಾ ಬಾಯಲ್ಲಿ ಹೇಳಿದ ಹೆಸರು, ಅದು ಹೆಸರು ಅಂತಲೇ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಇದ್ದ," ಅಂದರು. ಅಷ್ಟೇ.

ಇಲ್ಲಿ ನಾನೇ ಒಂದು ಎಚ್ಚರಿಕೆ ಹೇಳಬೇಕು. ಆ ತೋಟದ ತೈಗ್ ನಮ್ಮ ಹೊನೋರಾಳ ಗಂಡನೇ ಅಂತ ಹೊಲದ ಹೆಸರಿನಿಂದ ಸಾಬೀತಾಗುವುದಿಲ್ಲ. ಅವನ ತಾತನೂ ತೈಗ್ ಇದ್ದಿರಬಹುದು, ಅಲ್ಲಿ ಹೆಸರುಗಳು ತಾತನಿಂದ ಮೊಮ್ಮಗನಿಗೆ ಬರುವುದೇ ರೂಢಿ. ಒಬ್ಬನೇ ಗಂಡ ಅನ್ನೋದು ಗಟ್ಟಿಯಾಗಿದ್ದು ಕೈಬರಹದ ಗೆರೆಯಿಂದ. ಜಮೀನಿನ ಪುಸ್ತಕ ಅದಕ್ಕೆ ಒತ್ತಾಸೆ. ಮುದುಕರು ಒಪ್ಪಿದ್ದು ಮಾತ್ರ ಗರಿ ಹೈಗ್‌ನಿಂದ. ಮೂರನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು ಅಂತ ಡಿ ಅವರಿಗೂ ಹೇಳಿದೆ, ವೃಕ್ಷದಲ್ಲಿ ಹಾಗೇ ಬರೆದಿದ್ದಾರೆ.

ಇದರಿಂದ ನಾವು ಕಲಿತದ್ದು

ಇಂಥ ಹುಡುಕಾಟ ಮಾಡುವವರಿಗೆ ನಾನು ಈಗ ಹೇಳುವುದು ಇಷ್ಟು. ಹಳೇ ದಾಖಲೆಯಲ್ಲಿರುವ ಹೆಸರು ಬರೆದವನ ಕಿವಿಗೆ, ಅವನ ಭಾಷೆಗೆ ಸೇರಿದ್ದು. ಹೆಂಡತಿಯ ತವರಿನ ಹೆಸರು, ಊರು, ಜಮೀನಿನ ನಂಬರ್, ದೀಕ್ಷೆಗೆ ನಿಂತ ಸಾಕ್ಷಿಗಳು, ಇವು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ಅವನ್ನು ಹಿಡಿಯಿರಿ. ಹೆಸರು ಬದಲಾದ ಜಾಗದಲ್ಲಿ ಮನುಷ್ಯ ಬದಲಾದ ಅನ್ನೋ ಮುಂಚೆ ಬರೆಯುವ ಕೈ ಬದಲಾಯಿತಾ ನೋಡಿ. ಅದು ಸೂಚಿಯಲ್ಲಿ ಕಾಣಿಸುವುದೇ ಇಲ್ಲ, ಮೂಲ ಪುಟ ತೆರೆಯಲೇಬೇಕು. ಮತ್ತೆ ನಮ್ಮ ಮನೆಗೆ ಏನಾಯಿತು ಅನ್ನೋ ಪ್ರಶ್ನೆಗೆ ಬಹಳ ಸಲ ಪಕ್ಕದ ಮನೆಗಳಿಗೆ ಏನಾಯಿತು ಅನ್ನೋದರಲ್ಲೇ ಉತ್ತರ ಇರುತ್ತದೆ. ನಾವು ಮೊದಲೇ ಆ ಪ್ರಶ್ನೆ ಕೇಳಿದ್ದರೆ ಡಿಎನ್ಎ ದುಡ್ಡು ಉಳಿಯುತ್ತಿತ್ತು.

ನಮ್ಮದೇ ತಪ್ಪು ಅಂದರೆ, ಮುದುಕರ ಹತ್ತಿರ ಕೊನೆಗೆ ಹೋದದ್ದು. ಅವರನ್ನು ಕೇಳಿದ್ದೂ ತಪ್ಪು ರೀತಿ. ತೈಗ್ ಇದ್ದನಾ ಅಂತ ಕೇಳಿದರೆ ಇಲ್ಲ ಅಂದರು. ಹೊಲದ ಹೆಸರು ಹೇಳಿ ಅಂತ ಹತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಅಮೆರಿಕದ ನೆಂಟರಿಗೆ ಡಿ ಪುಟಗಳ ಸಮೇತ ಬರೆದರು. ಒಬ್ಬರು ಕುಣಿದಾಡಿಕೊಂಡು ಸರಿಪಡಿಸಿದರು. ಉಳಿದ ವೃಕ್ಷಗಳಲ್ಲಿ ಥಾಡಿಯಸ್ ಇವತ್ತಿಗೂ 1857ರಲ್ಲಿ ಸಾಯುತ್ತಿದ್ದಾನೆ.

ಬೆಲ್‌ಫಾಸ್ಟ್ ಅಜ್ಜಿಯ ವಿಷಯ ಬೇರೆ. ಅವರಿಗೆ ಈ ಪುಟಗಳಿಂದ ಏನೂ ಆಗಬೇಕಾಗಿರಲಿಲ್ಲ. ಹೆಸರು ನಿಜವಾ ಅಂತ ಅವರು ಕೇಳಿಯೇ ಇರಲಿಲ್ಲ, ಅದು ನೋಯಿಸುತ್ತದೆ ಅಂದಿದ್ದರು. ಡಿ ಅವರ ಮಗಳು ಒಂದು ಹಂತದಲ್ಲಿ ಬೇರೆ ಹೆಸರು ಇಡಲೂ ತಯಾರಾಗಿದ್ದಳು. ಹಟ ಹಿಡಿದದ್ದು ಅಳಿಯ. ಬೈಗುಳ ಮಾಡಿಕೊಂಡವರು ಅವರು, ಹೆಸರು ನಮ್ಮದು, ಅಂತ. ಕಾಲವೂ ಬದಲಾಗಿದೆ. ತೈಗ್ ಈಗ ಐರ್ಲೆಂಡ್ ಗಣರಾಜ್ಯದಲ್ಲಿ ಹುಟ್ಟುವ ಗಂಡು ಮಕ್ಕಳಿಗೆ ಹೆಚ್ಚು ಇಡುವ ಮೊದಲ ಇಪ್ಪತ್ತು ಹೆಸರುಗಳಲ್ಲಿದೆ. ಇಡೀ ದ್ವೀಪಕ್ಕೆ ಒಂದೇ ಆಗಿರುವ ಐರ್ಲೆಂಡ್ ರಗ್ಬಿ ತಂಡದಲ್ಲಿ ತೈಗ್ ಫರ್ಲಾಂಗ್, ತೈಗ್ ಬರ್ನ್ ಅಂತ ಇಬ್ಬರು ಜೊತೆಗೇ ಆಡಿದ್ದಾರೆ. ಬೆಲ್‌ಫಾಸ್ಟ್‌ನ ಪಬ್‌ನಲ್ಲಿ ಎರಡೂ ಕಡೆಯವರು ಟಿವಿ ಮುಂದೆ ಕೂತು ಆ ಹೆಸರನ್ನು ಕೂಗುವುದನ್ನು ಅಳಿಯ ನೋಡಿದ್ದಾನಂತೆ. ಅಜ್ಜಿ ನೋಡಿಲ್ಲ. ಅವರು ಇವತ್ತಿಗೂ ಮಗುವನ್ನು ಪುಟ್ಟ ಅಂತಲೇ ಕರೆಯುತ್ತಾರೆ, ಯಾರೂ ಒತ್ತಾಯ ಮಾಡಿಲ್ಲ.

ಮಗುವಿಗೆ ಏಳು ತಿಂಗಳಾದಾಗ ಬೇರಾಕ್ಕೆ ಕರೆದುಕೊಂಡು ಹೋಗಿದ್ದರು. ಮಗಳು ಕಳಿಸಿದ ವಿಡಿಯೋ ಡಿ ಆಫೀಸಿನಲ್ಲಿ ನನಗೆ ತೋರಿಸಿದರು. ಗರಿ ಹೈಗ್‌ನ ಹುಲ್ಲಿನ ಮೇಲೆ ಕಂಬಳಿ ಹಾಸಿ ಮಗುವನ್ನು ಕೂರಿಸಿದ್ದಾರೆ. ಮುದುಕರು ಗೋಡೆಯ ಆಚೆ, ಕೈಯಲ್ಲಿ ಕೋಲು. ಹಸುವನ್ನು ಕೂಗುವಷ್ಟೇ ಗಟ್ಟಿಯಾಗಿ ಕೂಗುತ್ತಾರೆ: "ಅ ಹೈಗ್! ಅ ಹೈಗ್!" ಮಗು ತಿರುಗಿ ನೋಡುತ್ತದೆ.